ಇಸ್ತ್ರಿ ಪೆಟ್ಟಿಗೆಗೆ ಕಟ್ಟಿದ ಕೀಲಿಕೈ

ಆ ಅಂಗಿ ಫ್ಯಾಕ್ಟರಿಯಲ್ಲಿ ಹೆಂಗಸರ ಕಕ್ಕಸಿನ ಕೀಲಿಕೈಯನ್ನು ಇಸ್ತ್ರಿ ಪೆಟ್ಟಿಗೆಗೆ ಸರಪಳಿ ಹಾಕಿ ಕಟ್ಟಿದ್ದರು. ಇದು ನಿಜ. ಸುಳ್ಳು ಸೇರಿಸುವುದಕ್ಕೆ ಮುಂದೆ ಬೇಕಾದಷ್ಟು ಜಾಗ ಇದೆ, ಇಲ್ಲಿ ಬೇಕಾಗಿಲ್ಲ.

ಪೆಟ್ಟಿಗೆ ಹಳೇ ಕಾಲದ್ದು. ಒಳಗೆ ಕೆಂಡ ತುಂಬಿ ಉಜ್ಜುತ್ತಿದ್ದರಲ್ಲ, ಅಂಥದ್ದು. ಎರಕದ ಕಬ್ಬಿಣ. ಕೀಲಿಕೈ ಕಳೆದುಹೋಗಬಾರದು ಅಂತ ಕಟ್ಟಿದ್ದು ಎಂದು ಮೇಸ್ತ್ರಿ ಹೇಳುತ್ತಿದ್ದ. ಅವನ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು, ಹಾಗಾಗಿ ಹೆಂಗಸರ ಬಾಯಲ್ಲಿ ಅವನು ಬರೀ ಸೀಟಿ. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಹೊಲಿಗೆ ನಡೆಯುವ ಉದ್ದ ಹಾಲಿನ ಈ ತುದಿಯಲ್ಲಿ ಸೀಟಿಯ ಮೇಜು, ಆ ತುದಿಯಲ್ಲಿ ಕಕ್ಕಸು, ನಡುವೆ ಹೊಲಿಗೆ ಯಂತ್ರಗಳ ಸಾಲು. ಉಚ್ಚೆ ಬಂದವಳು ಅವನ ಮೇಜಿಗೆ ಹೋಗಬೇಕು. ಕೇಳಬೇಕು. ಬೈಸಿಕೊಳ್ಳಬೇಕು. ಆಮೇಲೆ ಆ ಕಬ್ಬಿಣವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಅಷ್ಟೂ ಜನರ ಮುಂದೆ ಮೆರವಣಿಗೆ ಹೋಗಬೇಕು. ಹಾಗೆ ಹೊತ್ತುಕೊಂಡೇ ವಾಪಸ್ ಬರಬೇಕು. ಇಷ್ಟು ಮಾಡುವ ಬದಲು ತಡೆದುಕೊಳ್ಳುವುದೇ ಸುಲಭ ಅಂತ ಹೆಂಗಸಿಗೆ ಅನ್ನಿಸಬೇಕು. ಅದೇ ಲೆಕ್ಕ.

ಪೆಟ್ಟಿಗೆಯ ತೂಕ ಎಷ್ಟು ಅಂತ ಕೇಳಿದರೆ ಒಬ್ಬೊಬ್ಬಳು ಒಂದೊಂದು ಹೇಳುತ್ತಿದ್ದಳು. ಸಣ್ಣ ಕರು ಎತ್ತಿದ ಹಾಗೆ ಅಂತ ಒಬ್ಬಳು. ಗಂಡನ ಮನೆಯವರನ್ನೆಲ್ಲ ಒಟ್ಟಿಗೆ ಎತ್ತಿದ ಹಾಗೆ ಅಂತ ಇನ್ನೊಬ್ಬಳು. ಅಂಗಿಯ ತೋಳು ಹೊಲಿಯುವ ತೋಳಮ್ಮ ಅದನ್ನು ಹೊತ್ತು ಹೊತ್ತು ಅವಳ ಬಲಗೈ ಎಡಗೈಗಿಂತ ನಾಲ್ಕು ಬೆರಳು ಉದ್ದವಾಗಿಬಿಟ್ಟಿತ್ತಂತೆ. ಅವಳು ತನ್ನ ಕೈ ಅಳತೆಗೇ ಹೊಲಿಯುತ್ತಿದ್ದವಳು, ಹಾಗಾಗಿ ಒಂದು ಹಡಗಿನ ತುಂಬ ಅಂಗಿಗಳು ಬಲತೋಳು ಜೋತುಬಿದ್ದುಕೊಂಡೇ ಸಮುದ್ರ ದಾಟಿದವಂತೆ. ಬೇಕಾದರೆ ನಂಬಿ.

ಆ ಸಾಲಿನಲ್ಲಿ ಒಬ್ಬಳು ಒಂದು ಭಾಗ ಹೊಲಿದು ಪಕ್ಕದವಳಿಗೆ ದಾಟಿಸಬೇಕು. ಹೊಲಿಯುವ ಭಾಗವೇ ಹೆಸರು. ತೋಳಮ್ಮ ಆದಮೇಲೆ ಜೇಬಕ್ಕ. ಜೇಬಕ್ಕ ಆದಮೇಲೆ ಗುಂಡಿ. ಕಕ್ಕಸಿಗೂ ಒಂದು ಗುಟ್ಟಿನ ಹೆಸರಿತ್ತು. "ಇಸ್ತ್ರಿಗೆ ಹೋಗ್ಬರ್ತೀನಿ" ಅಂದರೆ ಅಲ್ಲಿಗೆ. "ಇವತ್ತು ಒಂದ್ಸಲಾನೂ ಇಸ್ತ್ರಿ ಆಗಿಲ್ಲ ಕಣೇ" ಅಂದರೆ ಕಿಬ್ಬೊಟ್ಟೆ ಕಲ್ಲಾಗಿದೆ ಅಂತ.

ಹೆಂಗಸರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ನೀರೇ ಕುಡಿಯುತ್ತಿರಲಿಲ್ಲ. ಬೆಳಗ್ಗೆ ಮನೆಯಲ್ಲಿ ಒಂದು ಗುಟುಕು, ಮತ್ತೆ ಸಂಜೆ ಮನೆ ಮುಟ್ಟಿದ ಮೇಲೆ ಒಂದು ಕೊಡ. ಆ ಹಾಲಿನಲ್ಲಿ ದಿನವಿಡೀ ನೀರು ಕುಡಿಯುತ್ತಿದ್ದದ್ದು ಗೋಡೆಯ ಕಡೆ ಸಾಲಾಗಿ ನಿಂತಿದ್ದ ಹಬೆ ಇಸ್ತ್ರಿಗಳು ಮಾತ್ರ. ಅವಕ್ಕೆ ಹೊತ್ತುಹೊತ್ತಿಗೆ ನೀರು ತುಂಬುತ್ತಿದ್ದರು. ಅವು ಬುಸ್ ಅಂತ ಎಲ್ಲಿ ಬೇಕೋ ಅಲ್ಲಿ, ಯಾವಾಗ ಬೇಕೋ ಆವಾಗ ಬಿಡುತ್ತಿದ್ದವು. ಅವನ್ನು ಯಾರೂ ಬೈಯುತ್ತಿರಲಿಲ್ಲ.

ಜೇಬಕ್ಕನಿಗೆ ಮಾತ್ರ ಈ ಉಪಾಯ ನಡೆಯದ ಹಾಗಾಯಿತು.

ಒಂದು ದಿನ ಗೋದಾಮಿನ ಆಳು ಬಂದಿರಲಿಲ್ಲ. ಜೇಬಿನ ಬಟ್ಟೆ ಮುಗಿದಿತ್ತು. ಸೀಟಿ ಬಂದು, "ಏ ಜೇಬು, ಕೂತ್ಕೊಂಡು ಏನ್ ನೋಡ್ತಿದೀಯ? ನೀನೇ ಹೋಗಿ ಎಳ್ಕೊಂಡ್ ಬಾ" ಅಂದ. ಗೋದಾಮಿನಲ್ಲಿ ಬಟ್ಟೆಯ ಸುರುಳಿಗಳನ್ನು ಅಟ್ಟಣೆಯಲ್ಲಿ ಸೂರಿನವರೆಗೆ ಪೇರಿಸಿದ್ದರು. ಅಟ್ಟಣೆಯ ಒಂದು ಕಾಲು ಬಾಗಿ ವರ್ಷಗಳಾಗಿದ್ದವು. ಅದಕ್ಕೆ ಆಸರೆ ಅಂತ ಒಂದು ಮರದ ತುಂಡು ಕೊಟ್ಟಿದ್ದರು. ಅವಳು ಬಗ್ಗಿ ಕೆಳಗಿನ ಸುರುಳಿಗೆ ಕೈ ಹಾಕಿದಳು. ಮೇಲಿನದು ಬಂದು ಸೊಂಟದ ಮೇಲೆ ಕೂತಿತು.

ಆಸ್ಪತ್ರೆಯಲ್ಲಿ ಕಾಲಿಗೆ ಸ್ವಾಧೀನ ವಾಪಸ್ ಬಂತು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಆದರೂ ಬಂತು. ಉಚ್ಚೆ ಮಾತ್ರ ಹೇಳಿದ ಮಾತು ಕೇಳಲಿಲ್ಲ. ಬೆನ್ನಿನ ಕೆಳಗಿನ ನರ ಜಜ್ಜಿಹೋಗಿದೆ ಅಂತ ಡಾಕ್ಟರು ಗೋಡೆಗೆ ಹೇಳಿ ಹೋದರು. ಬಿಡಿಸಿ ಹೇಳಿದವಳು ನರ್ಸಮ್ಮ.

"ನೋಡಿ, ಉಚ್ಚೆ ಚೀಲ ತುಂಬುತ್ತೆ. ಆದ್ರೆ ತುಂಬಿದೆ ಅಂತ ನಿಮ್ಗೆ ಸುದ್ದಿ ಬರಲ್ಲ. ಬಾಗಿಲು ತೆಗಿ ಅಂತ ನೀವು ಹೇಳಿದ್ರೂ ಅದಕ್ಕೆ ಕೇಳ್ಸಲ್ಲ. ತುಂಬಿ ತುಳುಕಿದಾಗ ತಾನಾಗೇ ಸೋರುತ್ತೆ."

"ಹಂಗಾದ್ರೆ ನಾನು ಈಗ ಕೆಟ್ಟ ನಲ್ಲಿ" ಅಂದಳು ಜೇಬಕ್ಕ.

"ಕೆಟ್ಟ ನಲ್ಲೀನ ನೋಡ್ಕೊಳ್ಳೋಕೆ ಬರುತ್ತೆ" ಅಂತ ನರ್ಸಮ್ಮ ಒಂದು ತೆಳ್ಳಗಿನ ನಳಿಕೆ ತೋರಿಸಿದಳು. ಕೈ ತೊಳೆಯೋದು, ನಳಿಕೆ ತೂರಿಸೋದು, ಖಾಲಿ ಮಾಡೋದು. ಗಡಿಯಾರ ನೋಡಿಕೊಂಡು, ಕೆಲವು ಗಂಟೆಗೊಮ್ಮೆ. ನೀರು ಚೆನ್ನಾಗಿ ಕುಡಿಯಬೇಕು. "ಒಂದು ಮಾತು ನೆನಪಿಟ್ಕೊಳ್ಳಿ. ಹೊತ್ತಿಗೆ ಸರಿಯಾಗಿ ತೆಗೀದೇ ಇದ್ರೆ ಅದು ಹಿಂದಕ್ಕೆ ಹತ್ತುತ್ತೆ. ಕಿಡ್ನಿಗೆ. ಕಿಡ್ನಿ ಹೋದ್ರೆ ನಾನೂ ಇಲ್ಲ, ನಳಿಕೇನೂ ಇಲ್ಲ. ಆಮೇಲೆ ಭಾರ ಎತ್ತಬೇಡಿ."

ಮನೆಯಲ್ಲಿ ಇದನ್ನು ಯಾರೂ ಅತ್ತು ಸ್ವಾಗತಿಸಲಿಲ್ಲ. ಗಂಡನಿಗೆ ರಸ್ತೆ ಬದಿಯಲ್ಲಿ ಸೈಕಲ್ ಪಂಕ್ಚರ್ ಹಾಕುವ ಕೆಲಸ. ಅವನು ನಳಿಕೆಯನ್ನು ಬೆಳಕಿಗೆ ಹಿಡಿದು, ಈ ತುದಿ ಆ ತುದಿ ನೋಡಿ, "ಟ್ಯೂಬಿನ ವಿಷ್ಯ ತಾನೆ? ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಿದೀನಿ. ವಾಲ್ವ್ ಹೋಗಿದೆ, ಅಷ್ಟೇ" ಅಂದ. ದಿನಾ ನೀರು ಕುದಿಸಿ ಬಾಟಲಿಗೆ ತುಂಬಿಕೊಡುವ ಕೆಲಸವನ್ನು ಯಾರೂ ಹೇಳದೆ ಹಿಡಿದುಕೊಂಡ. ಅತ್ತೆ ಮೂಲೆಯಿಂದ, "ನಂಗೆ ಹಲ್ಲೆಲ್ಲ ಬಿದ್ಮೇಲೆ ಬಂದಿದ್ದು ನಿಂಗೆ ತಲೆ ನರೆಯೋಕ್ ಮುಂಚೇನೇ ಬಂತಲ್ಲೇ. ಎಲ್ಲದ್ರಲ್ಲೂ ಆತುರ ನಿಂಗೆ" ಅಂದಳು.

ಮೊದಲ ದಿನಗಳಲ್ಲಿ ನಳಿಕೆ ತೂರಿಸುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಬಚ್ಚಲ ಬಾಗಿಲ ಹೊರಗೆ ಅತ್ತೆ ಕುಕ್ಕರಗಾಲಲ್ಲಿ ಕೂತು, ಕೂಸುಗಳಿಗೆ ಉಚ್ಚೆ ಹೊಯ್ಯಿಸುವಾಗ ಮಾಡುವ ಸದ್ದು ಮಾಡುತ್ತಿದ್ದಳು. "ಸ್ಸ್ಸ್ಸ್... ಬಾ ಕಂದ, ಬಾ... ಸ್ಸ್ಸ್ಸ್..." ಒಳಗೆ ಜೇಬಕ್ಕನಿಗೆ ನಗು ಬಂದು ನಳಿಕೆ ಜಾರುತ್ತಿತ್ತು. ಸೊಸೆಗೆ ಬಂತೋ ಇಲ್ಲವೋ, ಆ ಸದ್ದಿಗೆ ಗಂಡ ಮಾತ್ರ ಅಂಗಡಿ ಬಿಟ್ಟು ಓಡಿ ಬಂದು, "ಅವ್ವಾ, ನಿಲ್ಸು, ನಂಗೆ ಬಂತು" ಅನ್ನುತ್ತಿದ್ದ. ಪಕ್ಕದ ಮನೆಯ ನಾಯಿಯೂ ಎದ್ದು ಕಂಬ ಹುಡುಕುತ್ತಿತ್ತಂತೆ.

ಕೆಲಸಕ್ಕೆ ವಾಪಸ್ ಹೋದಳು. ಮ್ಯಾನೇಜರ್ ಕರೆಸಿ, "ಗೋದಾಮಿಗೆ ಹೋಗೋದು ನಿನ್ ಕೆಲ್ಸ ಅಲ್ವಲ್ಲ. ಯಾಕೆ ಹೋದೆ?" ಅಂದ. ಸೀಟಿ ಪಕ್ಕದಲ್ಲೇ ನಿಂತಿದ್ದ. ಸೂರಿನ ಫ್ಯಾನು ನೋಡುತ್ತಿದ್ದ.

"ಇವ್ರೇ ಕಳ್ಸಿದ್ದು."

"ನಾನು? ನಾನ್ಯಾಕೆ ಕಳಿಸ್ಲಿ?" ಅಂದ ಸೀಟಿ, ಫ್ಯಾನಿಗೆ.

ಅಲ್ಲಿಗೆ ಸೊಂಟದ ಮಾತು ಮುಗಿಯಿತು. ಬಿದ್ದ ಬಟ್ಟೆ ಸುರುಳಿಗೆ ಕೊಳೆ ಆಗಿತ್ತಂತೆ, ಅದರ ದುಡ್ಡನ್ನು ಅವಳ ಸಂಬಳದಲ್ಲಿ ಹಿಡಿಯದೇ ಬಿಟ್ಟರಲ್ಲ, ಅದೇ ದೊಡ್ಡ ಉಪಕಾರ.

ಈಗ ಕೀಲಿಕೈ. ಭಾರ ಎತ್ತುವ ಹಾಗಿಲ್ಲ. ತೋಳಮ್ಮ ಎದ್ದು, "ನಾನ್ ಹೊತ್ಕೊಡ್ತೀನಿ ಬಾ" ಅಂತ ಕೆಲವು ದಿನ ಹಿಂದೆ ಹಿಂದೆ ನಡೆದಳು. ಸೀಟಿ ಊದಿದ.

"ಒಬ್ಬಳ ಉಚ್ಚೆಗೆ ಇಬ್ಬರು ಯಾಕೆ? ಒಬ್ಬಳು ಹೊಯ್ಯೋಕೆ, ಒಬ್ಬಳು ಚಪ್ಪಾಳೆ ಹೊಡೆಯೋಕಾ?"

ಹಾಲು ನಕ್ಕಿತು. ನಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೆಂಗಸರೂ ನಕ್ಕರು. ಗುಂಡಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಗುಂಡಿಗೆ ನಗುವುದಕ್ಕೆ ಕಾರಣ ಇತ್ತು. ಜೇಬಕ್ಕ ಎದ್ದು ಹೋದರೆ ಗುಂಡಿಯ ಮುಂದೆ ಅಂಗಿ ಬರುವುದು ನಿಲ್ಲುತ್ತದೆ. ಕೈ ಖಾಲಿ ಕೂತವಳಿಗೆ ಸೀಟಿ ಬೈಯುತ್ತಾನೆ. ಬೈಗುಳದ ಸಿಟ್ಟು ಸೀಟಿಯ ಮೇಲೆ ತೀರುವುದಿಲ್ಲ, ಪಕ್ಕದವಳ ಮೇಲೆ ತೀರುತ್ತದೆ. ಸಾಲು ಕಟ್ಟಿದವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಒಬ್ಬಳ ಉಚ್ಚೆಗೆ ಇನ್ನೊಬ್ಬಳೇ ಕಾವಲು.

ಜೇಬಕ್ಕ ಪೆಟ್ಟಿಗೆಯನ್ನು ಸರಪಳಿ ಹಿಡಿದು ನೆಲದ ಮೇಲೆ ಎಳೆದುಕೊಂಡು ಹೋಗತೊಡಗಿದಳು. ಗರ್ ಗರ್ ಗರ್. ಮುಂದೆ ಎಳೆಯುವ ಎಡಗಾಲು, ಹಿಂದೆ ಎಳೆಯುವ ಕಬ್ಬಿಣ. "ನಾಯಿ ತಿರುಗಾಡ್ಸೋಕೆ ಹೊರಟ್ಯಾ ಅಕ್ಕಾ?" ಅಂತ ಗುಂಡಿ ಕೇಳಿದರೆ, "ಹೂಂ ಕಣೇ, ಕಚ್ಚಲ್ಲ, ಬಾ ಮುಟ್ಟು" ಅನ್ನುತ್ತಿದ್ದಳು. ಬಾಯಿಗೆ ಏನೂ ಪೆಟ್ಟಾಗಿರಲಿಲ್ಲವಲ್ಲ.

ಒಂದು ಮಧ್ಯಾಹ್ನ ಸೀಟಿ ಕೀಲಿಕೈ ಕೊಡಲಿಲ್ಲ. "ಈ ಕಂತೆ ಮುಗ್ಸಿ ಹೋಗು" ಅಂದ. ಮುಗಿಸಿದಳು. "ಇನ್ನೊಂದು" ಅಂದ.

"ಸಾರ್, ನಂಗೆ ಹೊತ್ತಾಗಿದೆ. ನಂದು ಬೇರೆಯವರ ಥರ ಅಲ್ಲ."

"ನಿಂದೇನು, ಬಂಗಾರದ್ದಾ?"

ಇನ್ನೊಂದು ಕಂತೆಯ ಮಧ್ಯದಲ್ಲಿ ಸೋರಿತು. ಅವಳಿಗೆ ಮೊದಲು ಗೊತ್ತಾಗಲಿಲ್ಲ. ಗೊತ್ತಾಗಿದ್ದು ಗುಂಡಿಗೆ. "ಥೂ! ಥೂ! ಎದ್ದೇಳೇ!" ಅಂತ ಚೀರಿ ಸ್ಟೂಲು ಸರಿಸಿದಳು. ಯಂತ್ರಗಳು ಒಂದೊಂದಾಗಿ ನಿಂತವು. ಸೀರೆ ಅಂಟಿಕೊಂಡಿತ್ತು. ಸ್ಟೂಲಿನ ಕಾಲಿನಿಂದ ಇಳಿದು ನೆಲದ ಮೇಲೆ ಹರಿಯಿತು. ಅವಳ ಕಣ್ಣು ಜೇಬಿನ ಮೇಲೆಯೇ ಇತ್ತು. ಮೂರು ಕಡೆ ಹೊಲಿಗೆ ಹಾಕಿ ಆಗಿತ್ತು. ಇಂಥದ್ದು ಎಷ್ಟು ಸಾವಿರ ಹೊಲಿದಿದ್ದಳೋ. ಒಂದೂ ತಳ ಬಿಚ್ಚಿ ವಾಪಸ್ ಬಂದಿರಲಿಲ್ಲ.

ಸೀಟಿ ಬೈಯಲಿಲ್ಲ. ಅದಕ್ಕಿಂತ ಕೆಟ್ಟ ಕೆಲಸ ಮಾಡಿದ. ನೆಲ ಒರೆಸುವ ಬಟ್ಟೆ ತಂದು ಅವಳ ಮುಂದೆ ಹಾಕಿ, ಕೈಕಟ್ಟಿ ನಿಂತ. ಅವಳು ಮಂಡಿಯೂರಿದಳು. ಒದ್ದೆ ಸೀರೆಯಲ್ಲೇ ಒರೆಸಿದಳು. ಹಿಂಡಿದಳು. ಮತ್ತೆ ಒರೆಸಿದಳು. ಸೊಂಟ ಕಿತ್ತು ಬರುತ್ತಿತ್ತು. ಯಾರೂ ಏಳಲಿಲ್ಲ. ತೋಳಮ್ಮ ಅರ್ಧ ಎದ್ದಳು, ಸೀಟಿ ಅವಳ ಕಡೆ ತಿರುಗಿದ, ಅವಳು ಕೂತಳು. ಮಾರನೇ ದಿನ ಜೇಬಕ್ಕನ ಸ್ಟೂಲಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿತ್ತು. ನೀಲಿ ಬಣ್ಣದ್ದು. ದೂರದಿಂದಲೂ ಕಾಣುವಂಥದ್ದು.

ಮ್ಯಾನೇಜರ್ ಮತ್ತೆ ಕರೆಸಿದ. "ನೋಡಮ್ಮ, ನಿಂಗೇ ಕಷ್ಟ. ನಿನ್ ಇಷ್ಟದಿಂದ ಕೆಲ್ಸ ಬಿಡ್ತೀನಿ ಅಂತ ಒಂದ್ಮಾತು ಹೇಳ್ಬಿಡು. ನಮಗೂ ಬೇಜಾರು ಇಲ್ಲ, ನಿಂಗೂ ಅವಮಾನ ಇಲ್ಲ."

"ಅವಮಾನ ನಂಗೆ ಆಗ್ಹೋಗಿದೆ ಸಾರ್. ಇನ್ನು ಉಳಿದಿರೋದು ಕೆಲ್ಸ ಮಾತ್ರ" ಅಂದಳು.

ಮನೆಗೆ ಬಂದು ಬಚ್ಚಲಲ್ಲಿ ಕೂತಳು. ಹೊರಗೆ ಅತ್ತೆ ಸದ್ದು ಮಾಡಲಿಲ್ಲ. "ಏನಾಯ್ತೇ?" ಅಂದಳು. ಜೇಬಕ್ಕ ಹೇಳಿದಳು. ಅತ್ತೆ ಸೀಟಿಯ ವಂಶದ ಏಳು ತಲೆಮಾರಿನವರಿಗೂ ಬೇರೆಬೇರೆ ಬೈಗುಳ ಕೊಟ್ಟಳು. ಒಂದನ್ನೂ ಎರಡನೇ ಸಲ ಬಳಸಲಿಲ್ಲ. ಕೊನೆಗೆ, "ನಾಳೆ ನೀರು ಕುಡಿಯೋದು ಬಿಡ್ತೀಯೇನು?" ಅಂತ ಕೇಳಿದಳು.

"ಬಿಟ್ರೆ ಕಿಡ್ನಿ ಹೋಗುತ್ತೆ."

"ಹಂಗಾದ್ರೆ ಕುಡಿ. ಅವ್ರ ಮುಂದೇನೇ ಕುಡಿ."

ಕುಡಿದಳು. ಗಂಡ ಕುದಿಸಿಕೊಟ್ಟ ಬಾಟಲಿಯನ್ನು ಯಂತ್ರದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಗಟಗಟ ಕುಡಿದಳು. ಬಾಯಾರಿದ ಹಾಲು ಪೂರ್ತಿ ಅವಳ ಗಂಟಲನ್ನೇ ನೋಡುತ್ತಿತ್ತು. ಗುಂಡಿ ಎಂಜಲು ನುಂಗಿದಳು.

ಅದೇ ವಾರ ಗುಂಡಿ ಊಟದ ಹೊತ್ತಿನಲ್ಲಿ ಗೋಡೆಗೆ ಒರಗಿ ನಡುಗುತ್ತಾ ಕೂತಿದ್ದಳು. ಡಬ್ಬಿ ಬಿಚ್ಚಿರಲಿಲ್ಲ. ಹಣೆಯಲ್ಲಿ ಬೆವರು. ಜೇಬಕ್ಕ ಪಕ್ಕದಲ್ಲಿ ಕೂತಳು.

"ಉರೀತಿದೆಯಾ?"

ಗುಂಡಿ ಮುಖ ಆ ಕಡೆ ತಿರುಗಿಸಿದಳು.

"ಕೆಂಪಗೆ ಬರ್ತಿದೆಯಾ?"

ಗುಂಡಿಯ ಕಣ್ಣು ತುಂಬಿತು. "ನಿಂಗ್ ಹೆಂಗೊತ್ತು?"

"ನಂಗೆ ಗೊತ್ತಿಲ್ದೇ ಇರೋ ಉಚ್ಚೆ ಇದ್ಯಾ ಈ ಊರಲ್ಲಿ?" ಅಂತ ಜೇಬಕ್ಕ ಬಾಟಲಿ ಮುಂದೆ ಹಿಡಿದಳು. "ಕುಡಿ. ನೀನೂ ಕಟ್ಕೊಂಡಿದೀಯ, ನಾನೂ ಕಟ್ಕೊಂಡಿದೀನಿ. ನಂಗೆ ಬಟ್ಟೆ ಸುರುಳಿ ಬಿದ್ದು ಬಾಗಿಲು ಹಾಕ್ಕೊಂತು. ನಿನ್ ಬಾಗಿಲು ಸೀಟಿ ಹಾಕ್ಸವ್ನೆ. ಅಷ್ಟೇ ವ್ಯತ್ಯಾಸ. ಕುಡಿ ಅಂದ್ನಲ್ಲ."

"ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಅಕ್ಕ."

"ಹೋಗು."

"ಅವ್ನು ಬಿಡಲ್ಲ."

"ಇಲ್ಲೇ ಹೊಯ್ಯಿ. ನನ್ ನೀಲಿ ಹಾಳೆ ಅರ್ಧ ಕೊಡ್ತೀನಿ."

ಗುಂಡಿಗೆ ನಗು ಬಂತು, ನಕ್ಕರೆ ನೋವು ಬಂತು, ಅಳು ಬಂತು. ಎಲ್ಲ ಒಟ್ಟಿಗೆ. ಬಾಟಲಿ ಖಾಲಿ ಮಾಡಿದಳು. ಅಂದಿನಿಂದ ಜೇಬಕ್ಕನ ಗಂಡ ಎರಡು ಬಾಟಲಿ ನೀರು ಕುದಿಸಬೇಕಾಯಿತು.

ಹೀಗಿರುವಾಗ ಅಂಗಿ ಕೊಳ್ಳುವ ಕಂಪನಿಯವರು ಫ್ಯಾಕ್ಟರಿ ನೋಡುವುದಕ್ಕೆ ಬರುತ್ತಾರೆ ಅಂತಾಯಿತು. ದೂರದೇಶದವರು. ಅವರಿಗೆ ಇಲ್ಲಿಯ ಮಾತು ಬರುವುದಿಲ್ಲ. ನೆಲಕ್ಕೆ ಹಸಿರು ಬಣ್ಣ ಬಳಿದರು. ಕಕ್ಕಸನ್ನು ಉಜ್ಜಿ ಉಜ್ಜಿ ಎಷ್ಟು ಬೆಳ್ಳಗೆ ಮಾಡಿದರೆಂದರೆ ಒಳಗೆ ಹೋದವರು ಕಣ್ಣು ಮುಚ್ಚಿಕೊಂಡೇ ಕೂರಬೇಕಿತ್ತು. ಸೋಪು ಇಟ್ಟರು. ಹೊಸ ಟವೆಲ್ಲು ನೇತುಹಾಕಿದರು. ಅತ್ತರು ಸಿಂಪಡಿಸಿದರು. ಆಮೇಲೆ ಸೀಟಿಗೆ ಯೋಚನೆ ಹತ್ತಿತು: ಬಂದವರು ನೋಡುವುದರೊಳಗೆ ಯಾವಳಾದರೂ ಹೋಗಿ ಗಲೀಜು ಮಾಡಿಬಿಟ್ಟರೆ? ಬೆಳಗ್ಗೆಯೇ ಬೀಗ ಜಡಿದುಬಿಟ್ಟ. ಹೊತ್ತು ನೋಡಿ ತಾನೇ ತೆಗೆದು ತೋರಿಸುವ ಲೆಕ್ಕ.

ಇನ್ನು ಆ ಪೆಟ್ಟಿಗೆ. ಅದನ್ನು ತೋರಿಸುವ ಹಾಗಿಲ್ಲ. ಸರಪಳಿ, ಕೀಲಿಕೈ ಸಮೇತ ಗೋದಾಮಿನ ಮೂಲೆಗೆ ಸೇರಿಸಿದ, ಕಕ್ಕಸು ತೋರಿಸುವ ಹೊತ್ತಿಗೆ ಕೀಲಿಕೈ ಬಿಚ್ಚಿ ತಂದರಾಯಿತು ಅಂತ. ನೀಲಿ ಹಾಳೆಯ ಹೆಂಗಸನ್ನೂ ತೋರಿಸುವ ಹಾಗಿಲ್ಲ. "ಇವತ್ತು ನೀನು ಗೋದಾಮಲ್ಲಿ ಕೂತಿರು. ಅವ್ರು ಹೋಗೋವರೆಗೂ ಈಚೆ ತಲೆ ಹಾಕ್ಬೇಡ" ಅಂತ ಅವಳನ್ನೂ ಅಲ್ಲಿಗೇ ಕಳಿಸಿದ.

ಮುಚ್ಚಿಡಬೇಕಾದ ಎರಡನ್ನೂ ಒಂದೇ ಕಡೆ ಮುಚ್ಚಿಟ್ಟ. ಅಷ್ಟು ವರ್ಷ ಉಚ್ಚೆ ಕಾದವನ ಬುದ್ಧಿ ಅಷ್ಟೇ ಓಡುವುದು.

ಗೋದಾಮಿನಲ್ಲಿ ಅದೇ ಅಟ್ಟಣೆ. ಅದೇ ಬಾಗಿದ ಕಾಲು, ಅದೇ ಮರದ ತುಂಡು. ಮೇಲೆ ಹೊಸ ಸುರುಳಿಗಳು. ಜೇಬಕ್ಕ ಅದರಿಂದ ದೂರ, ಬಾಗಿಲ ಹತ್ತಿರ ಕೂತಳು. ನೀರು ಕುಡಿದಳು. ಹೊತ್ತಾಯಿತು. ನಳಿಕೆ ಇಟ್ಟುಕೊಂಡಿದ್ದ ಕೈಚೀಲ ತೆಗೆದಳು. ಮೂಲೆಯಲ್ಲಿ ಒಂದು ಹಳೇ ಬಕೆಟ್ ಇತ್ತು. ಬಕೆಟ್ ನೋಡಿದಳು. ಅದರ ಪಕ್ಕದಲ್ಲಿ ಇಸ್ತ್ರಿ ಪೆಟ್ಟಿಗೆ. ಪೆಟ್ಟಿಗೆ ನೋಡಿದಳು. ಬಕೆಟ್ಟಿನಲ್ಲಿ ಮುಗಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಳೆ ಮತ್ತೆ ನೀಲಿ ಹಾಳೆ, ಮತ್ತೆ ಗರ್ ಗರ್. ಒಂದು ದಿನ ಕಿಡ್ನಿ, ಇಲ್ಲವಾದರೆ ಕೆಲಸ. ಯಾವುದು ಮೊದಲು ಹೋಗುತ್ತದೆ ಅಂತ ಕಾಯುವುದು.

"ಹೋಗೋ ನಿನ್ನಜ್ಜಿ" ಅಂದಳು ಬಕೆಟ್ಟಿಗೆ. ಸರಪಳಿ ಹಿಡಿದಳು.

ಹಾಲಿನಲ್ಲಿ ಆಗ ಯಂತ್ರಗಳನ್ನು ನಿಲ್ಲಿಸಿದ್ದರು. ಕರೀ ಕೋಟಿನ ಹೆಂಗಸೊಬ್ಬಳು, ಅವಳ ಹಿಂದೆ ಇಬ್ಬರು ಗಂಡಸರು. ಮ್ಯಾನೇಜರ್ ಅವರ ಭಾಷೆಯಲ್ಲಿ ಏನೋ ಹೇಳುತ್ತಿದ್ದ. ಹೆಂಗಸರೆಲ್ಲ ಕಲಿಸಿಕೊಟ್ಟ ಹಾಗೆ ಮುಗುಳ್ನಗುತ್ತಿದ್ದರು. ಆ ನಿಶ್ಶಬ್ದದಲ್ಲಿ ಸದ್ದು ಬಂತು.

ಗರ್ ಗರ್ ಗರ್.

ಹೊಸ ಹಸಿರು ಬಣ್ಣದ ಮೇಲೆ ಉದ್ದಕ್ಕೂ ಗೀರು ಎಳೆಯುತ್ತಾ ಬಂದಳು. ಸೀಟಿ ಊದುವುದಕ್ಕೆ ಬಾಯಿಗಿಟ್ಟ, ಬಂದವರು ಇದ್ದಾರೆಂದು ನೆನಪಾಗಿ ತೆಗೆದ, ಮತ್ತೆ ಇಟ್ಟ. ಕರೀ ಕೋಟಿನವಳು ಕಬ್ಬಿಣ ತೋರಿಸಿ ಏನೋ ಕೇಳಿದಳು. ಅದು ನೆಲ ನಯಮಾಡುವ ಸಾಧನ ಅಂತ ಮ್ಯಾನೇಜರ್ ಹೇಳಿದನಂತೆ. ಅವನ ಹಿಂದೆ ನಿಂತಿದ್ದ ಟೈಪಿಸ್ಟ್ ಹುಡುಗಿ ಆಮೇಲೆ ಎಲ್ಲರಿಗೂ ಹೇಳಿದ್ದು.

"ಆಚೆ ನಡಿ" ಅಂದ ಮ್ಯಾನೇಜರ್, ಹಲ್ಲು ಕಚ್ಚಿ, ನಗುತ್ತಾ.

"ಅಲ್ಲಿಗೇ ಹೋಗ್ತಿರೋದು ಸಾರ್. ಉಚ್ಚೆ ಹೊಯ್ಯೋಕೆ. ಇದು ಕಕ್ಕಸಿನ ಕೀಲಿಕೈ."

ಅದನ್ನು ಮ್ಯಾನೇಜರ್ ಹೀಗೆ ಹೇಳಿದನಂತೆ: ಇವಳಿಗೆ ತಮ್ಮನ್ನು ನೋಡಿ ಬಹಳ ಸಂತೋಷವಾಗಿದೆ.

ಕರೀ ಕೋಟಿನವಳು ಜೇಬಕ್ಕನ ಕೈ ಕುಲುಕುವುದಕ್ಕೆ ಬಂದಳು. ಜೇಬಕ್ಕ ಅವಳ ಮುಖ ನೋಡಿದಳು. ಮಾತು ಬರುವುದಿಲ್ಲ. ಸರಿ. ಕೀಲಿಕೈ ಎತ್ತಿ ತೋರಿಸಿದಳು. ಕಬ್ಬಿಣ ತೋರಿಸಿದಳು. ದೂರದ ಬಾಗಿಲು ತೋರಿಸಿದಳು. ಆಮೇಲೆ ನಟ್ಟನಡುವೆ, ಸೀರೆ ಒಂದಿಷ್ಟು ಎತ್ತಿ, ನೋಯುವ ಸೊಂಟ ಬಗ್ಗಿಸಿ, ಅರ್ಧ ಕುಕ್ಕರಿಸಿ, ಅತ್ತೆಯ ಸದ್ದು ಮಾಡಿದಳು.

"ಸ್ಸ್ಸ್ಸ್ಸ್..."

ಕರೀ ಕೋಟಿನವಳ ಹುಬ್ಬು ಮೇಲೆ ಹೋಯಿತು. ಆ ಸದ್ದು ಗೊತ್ತಿಲ್ಲದ ದೇಶ ಇಲ್ಲ.

"ನಿಲ್ಸು!" ಅಂದ ಸೀಟಿ. ಅವಳ ಕೈಯಿಂದ ಸರಪಳಿ ಕಿತ್ತುಕೊಳ್ಳುವುದಕ್ಕೆ ಬಂದ.

"ಮುಟ್ಬೇಡ. ಇಲ್ಲೇ ಬಿಡ್ತೀನಿ. ನಿನ್ ಕಾಲ್ ಮೇಲೇ ಬಿಡ್ತೀನಿ. ಆಮೇಲೆ ನೀನೇ ಒರ್ಸು."

ಸೀಟಿ ಎರಡು ಹೆಜ್ಜೆ ಹಿಂದೆ ಹೋದ.

ಆಗ ಗುಂಡಿ ಎದ್ದಳು. ಎದ್ದು ಸುಮ್ಮನೆ ನಿಂತು ಬಾಯಿ ತೆರೆದಳು. "ಸ್ಸ್ಸ್ಸ್..." ತೋಳಮ್ಮ ಎದ್ದಳು. "ಸ್ಸ್ಸ್ಸ್..." ಕಾಲರಿನವರು ಎದ್ದರು, ಕಾಜಾದವರು ಎದ್ದರು. ಹಾಲಿನ ತುಂಬ ಹೆಂಗಸರು. ಅಷ್ಟು ದಿನ ತಡೆದುಕೊಂಡವರು. ಯಾರನ್ನೂ ಬೈಯಲಿಲ್ಲ, ಕೂಗಲಿಲ್ಲ. ಕೂಸಿಗೆ ಉಚ್ಚೆ ಹೊಯ್ಯಿಸುವ ಆ ಒಂದೇ ಸದ್ದು. ನೂರಾರು ಬಾಯಿಂದ. ಗೋಡೆ ಪಕ್ಕದ ಹಬೆ ಇಸ್ತ್ರಿಗಳೂ ದನಿ ಸೇರಿಸಿದವು ಅಂತಾರೆ.

ಆಮೇಲೆ ಆದದ್ದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮ್ಯಾನೇಜರ್ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದುಕೊಂಡು ನಿಂತ. ಬಂದ ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಸರಸರ ಹೊರಗೆ ನಡೆದರು. ಹೊರಗಿನ ವಾಚ್‌ಮನ್ ಗೇಟು ಬಿಟ್ಟು ಗೋಡೆ ಮರೆಗೆ ಓಡಿದ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತು, ಡ್ರೈವರ್ ಇಳಿದ. ಸೀಟಿಗೆ ಏನಾಯಿತು ಅಂತ ಅವನ ಪ್ಯಾಂಟು ನೋಡಿದವರು ಹೇಳಬೇಕು. ಅವನ ಪ್ಯಾಂಟು ನೋಡಿದವರು ಬಹಳ ಜನ ಇದ್ದರು.

ಕರೀ ಕೋಟಿನವಳು ತುಟಿ ಕಚ್ಚಿಕೊಂಡು ಕಕ್ಕಸಿನ ಕಡೆ ಓಡಿದಳು. ಬಾಗಿಲು ಎಳೆದಳು. ಬೀಗ. ಮತ್ತೆ ಎಳೆದಳು. ತಿರುಗಿ ನೋಡಿದಳು. ಆ ಉದ್ದ ಹಾಲಿನಲ್ಲಿ, ಯಂತ್ರಗಳ ನಡುವೆ, ಎಡಗಾಲು ಎಳೆಯುತ್ತಾ ಜೇಬಕ್ಕ ಬರುತ್ತಿದ್ದಳು. ಆತುರ ಇಲ್ಲ. ಗರ್. ಗರ್. ಗರ್. ಆ ಹೆಂಗಸು ಅವಳು ಬರುವುದನ್ನೇ ಕಾಯಬೇಕಾಯಿತು. ಕಾಲು ಅದುಮಿ, ಮುಖ ಕಿವುಚಿ, ಇಲ್ಲಿನವರು ವರ್ಷಗಟ್ಟಲೆ ಕಾದ ಹಾಗೆ ಕಾದಳು.

ಜೇಬಕ್ಕ ಬಂದಳು. ಬೀಗ ತೆಗೆದಳು. ಕರೀ ಕೋಟಿನವಳು ನುಗ್ಗುವುದಕ್ಕೆ ಹೋದಳು. ಜೇಬಕ್ಕ ಕೈ ಅಡ್ಡ ಇಟ್ಟಳು.

"ಸರದಿ ಇದೆ ತಾಯಿ. ನನ್ ಹಿಂದೆ ನಿಂತ್ಕೊಳ್ಳಿ."

ಸರಪಳಿಯನ್ನು ಆ ಹೆಂಗಸಿನ ಕೈಗೆ ಕೊಟ್ಟಳು. ಕೊಟ್ಟ ರಭಸಕ್ಕೋ, ಅಡ್ಡಾದಿಡ್ಡಿ ಹಿಡಿದದ್ದಕ್ಕೋ, ಆ ಹೆಂಗಸು ಕಬ್ಬಿಣವನ್ನು ಎತ್ತಿ ಎದೆಗವಚಿಕೊಂಡಳು. ತೂಕಕ್ಕೆ ಮುಂದೆ ಬಾಗಿದಳು. ಹಾಲು ಪೂರ್ತಿ ನೋಡುತ್ತಿತ್ತು.

ಜೇಬಕ್ಕ ಒಳಗೆ ಹೋದಳು. ಹೊಸ ಸೋಪಿನಲ್ಲಿ ಕೈ ತೊಳೆದಳು. ಮೊಣಕೈವರೆಗೂ ತೊಳೆದಳು. ಹೊಸ ಟವೆಲ್ಲಿನಲ್ಲಿ ಒಂದೊಂದು ಬೆರಳು ಒರೆಸಿಕೊಂಡಳು. ನಳಿಕೆ ತೆಗೆದಳು. ನರ್ಸಮ್ಮ ಹೇಳಿಕೊಟ್ಟ ಹಾಗೆ, ಒಂದನ್ನೂ ಬಿಡದೆ, ನಿಧಾನವಾಗಿ. ಮೊದಲ ಸಲ ಆ ಕಟ್ಟಡದಲ್ಲಿ ಯಾರೂ ಬಾಗಿಲು ಬಡಿಯಲಿಲ್ಲ. ಹೊರಗೆ ನೂರಾರು ಹೆಂಗಸರು ಅವಳಿಗೋಸ್ಕರ ಆ ಸದ್ದು ಮಾಡುತ್ತಲೇ ಇದ್ದರು. ನರ ಸತ್ತ ಚೀಲಕ್ಕೆ ಅದು ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು.

ಮಾರನೇ ಬೆಳಗ್ಗೆ ಮ್ಯಾನೇಜರ್ ತಾನೇ ಹಾಲಿಗೆ ಬಂದ. ಜೇಬಕ್ಕನ ಯಂತ್ರದ ಮುಂದೆ ನಿಂತು, "ನೀನು ಇವತ್ತಿಂದ ಬರೋದ್ ಬೇಡ" ಅಂದ.

ಗುಂಡಿ ಯಂತ್ರ ನಿಲ್ಲಿಸಿದಳು. ತೋಳಮ್ಮ ನಿಲ್ಲಿಸಿದಳು. ಹಾಲು ನಿಂತಿತು. ಮೇಜಿನ ಕೆಳಗಿನಿಂದ ಬಾಟಲಿಗಳು ಮೇಲೆ ಬಂದವು. ಒಬ್ಬೊಬ್ಬಳ ಮುಂದೆ ಒಂದೊಂದು.  ಎಲ್ಲರೂ ಮುಚ್ಚಳ ತಿರುಗಿಸಿ ನೀರು ಕುಡಿಯತೊಡಗಿದರು. ಗಟ, ಗಟ, ಗಟ. ಮ್ಯಾನೇಜರ್ ಸುತ್ತ ನೋಡಿದ. ನೂರಾರು ಗಂಟಲು ಏರಿ ಇಳಿಯುತ್ತಿದ್ದವು.

"ಏನ್ ಬೇಕು ನಿಮ್ಗೆ?"

"ಕೀಲಿಕೈ ಬೇಡ, ಬೀಗ ಬೇಡ, ಕೇಳೋದು ಬೇಡ. ಬಂದಾಗ ಹೋಗ್ತೀವಿ. ಗೋದಾಮಿನ ಅಟ್ಟಣೆ ಕಾಲು ರಿಪೇರಿ ಆಗ್ಬೇಕು. ನಾನು ಇಲ್ಲೇ ಕೂರ್ತೀನಿ" ಅಂದಳು ಜೇಬಕ್ಕ.

"ಆಗಲ್ಲ ಅಂದ್ರೆ?"

ಜೇಬಕ್ಕ ಬಾಟಲಿ ಎತ್ತಿ ಕೊನೇ ಗುಟುಕು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಎಲ್ರೂ ಕುಡಿದಾಯ್ತು ಸಾರ್. ಇನ್ನು ಸ್ವಲ್ಪ ಹೊತ್ತಷ್ಟೇ. ನಿಂತ್ಕೊಂಡು ಯೋಚ್ನೆ ಮಾಡಿ. ಚಪ್ಪಲಿ ಮಾತ್ರ ಎತ್ತಿಟ್ಕೊಳ್ಳಿ."

ಅವನು ತನ್ನ ಚಪ್ಪಲಿ ನೋಡಿಕೊಂಡ.

ಬೀಗ ಹೋಯಿತು, ಜೇಬಕ್ಕ ಅದೇ ಜಾಗದಲ್ಲಿ ಕೂತು ಹೊಲಿಯುತ್ತಿದ್ದಾಳೆ. ಅಟ್ಟಣೆಯ ಕಾಲು ಇನ್ನೂ ರಿಪೇರಿಯಾಗಿಲ್ಲ. ಅದಕ್ಕೆ ಜಗಳ ನಡೆದೇ ಇದೆ. ನರ ವಾಪಸ್ ಬಂದಿಲ್ಲ, ಅದನ್ನು ವಾಪಸ್ ಕೊಡುವಷ್ಟು ದೊಡ್ಡ ಮ್ಯಾನೇಜರ್ ಯಾರೂ ಇಲ್ಲ. ನೀಲಿ ಹಾಳೆಯನ್ನು ಗಂಡ ಅಂಗಡಿಯ ಸೂರಿಗೆ ಹಾಕಿಕೊಂಡಿದ್ದಾನೆ. ಕಕ್ಕಸಿನ ಹೊರಬಾಗಿಲು ಗಾಳಿಗೆ ಮುಚ್ಚಿಕೊಳ್ಳುತ್ತದೆ ಅಂತ ಹೆಂಗಸರು ಅದಕ್ಕೆ ಆ ಇಸ್ತ್ರಿ ಪೆಟ್ಟಿಗೆಯನ್ನೇ ಅಡ್ಡ ಇಟ್ಟಿದ್ದಾರೆ. ಬಾಗಿಲು ಅಲ್ಲಾಡುವುದಿಲ್ಲ. ಸೀಟಿ ದಿನಾ ಅತ್ತ ಹೋಗುವಾಗ ಹೆಬ್ಬೆರಳು ಎಡವಿಕೊಂಡು ಒಂಟಿ ಕಾಲಲ್ಲಿ ಕುಣಿಯುತ್ತಾನೆ. ಒಂದೊಂದು ದಿನ ಅವನು ಮರೆತು ಪಕ್ಕದಿಂದ ಹೋಗಿಬಿಟ್ಟರೆ, ಗುಂಡಿ ಎದ್ದು ಹೋಗಿ ಪೆಟ್ಟಿಗೆಯನ್ನು ಕಾಲಲ್ಲಿ ಸ್ವಲ್ಪ ಅವನ ದಾರಿಗೆ ತಳ್ಳಿ ಬರುತ್ತಾಳೆ.